ವಿಂಡೋಸ್ 10 ಮುಗಿಯಿತು, ಕಂಪ್ಯೂಟರ್ ಇನ್ನೂ ಗಟ್ಟಿಯಿದೆ: ಕರಾವಳಿಯ ಲಿನಕ್ಸ್ ಬಳಕೆದಾರರಿಗೆ ಒಂದಿಷ್ಟು ಕಿವಿಮಾತು

ಕುಮಟಾ, ಹೊನ್ನಾವರ, ಭಟ್ಕಳ, ಈ ಮೂರೂ ಪೇಟೆಗಳಲ್ಲಿ ಯಾವ ಜೆರಾಕ್ಸ್ ಅಂಗಡಿಗೆ ಹೋದರೂ ಹೆಚ್ಚುಕಮ್ಮಿ ಒಂದೇ ಚಿತ್ರ. ಹತ್ತು ವರ್ಷ ದಾಟಿದ ಡೆಸ್ಕ್‌ಟಾಪು, ಪಕ್ಕದಲ್ಲಿ ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರು, ಪರದೆಯ ಬಲಮೂಲೆಯಲ್ಲಿ ‘ವಿಂಡೋಸ್ ಆಕ್ಟಿವೇಟ್ ಮಾಡಿ’ ಅಂತ ಮಸುಕಾಗಿ ಕಾಣುವ ಬರಹ. ತಹಶೀಲ್ದಾರ್ ಕಚೇರಿಯ ಅರ್ಜಿ, ಜಾಗದ ಕರಾರುಪತ್ರ, ಯಕ್ಷಗಾನದ ಹ್ಯಾಂಡ್‌ಬಿಲ್, ಮದುವೆ ಕಾಗದ ಎಲ್ಲವೂ ಅದರೊಳಗಿನ ನುಡಿಯಲ್ಲಿ ಟೈಪಾಗಿ ಹೊರಗೆ ಬರಬೇಕು. ಹಳ್ಳಿಯ ಸಹಕಾರಿ ಸಂಘ, ಅನುದಾನಿತ ಶಾಲೆ, ವಕೀಲರ ಕೋಣೆ, ಇಲ್ಲೆಲ್ಲ ಮಷಿನ್ ಸ್ವಲ್ಪ ಹೊಸದಿರಬಹುದು, ಕತೆ ಅದೇ.

ಈ ಕಂಪ್ಯೂಟರುಗಳಲ್ಲಿ ಬಹುಪಾಲು ಓಡುತ್ತಿರುವುದು ವಿಂಡೋಸ್ 10. ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಅದರ ಬೆಂಬಲ ನಿಲ್ಲಿಸಿದೆ. ಹಾಗಂತ ಕಂಪ್ಯೂಟರ್ ಮರುದಿನದಿಂದ ಶುರುವಾಗುವುದಿಲ್ಲ ಅಂತೇನಿಲ್ಲ. ಹೊಸ ಸುರಕ್ಷತಾ ದೋಷ ಪತ್ತೆಯಾದರೆ ಅದನ್ನು ಮುಚ್ಚುವವರು ಇಲ್ಲ, ಅಷ್ಟೇ. ಮನೆಬಳಕೆಯವರಿಗೆ 2026ರ ಅಕ್ಟೋಬರ್ 13ರ ತನಕ ಒಂದು ವರ್ಷದ ವಿಸ್ತರಣೆ ಕೊಟ್ಟಿದ್ದಾರೆ, ಅದಕ್ಕೆ ಮೈಕ್ರೋಸಾಫ್ಟ್ ಖಾತೆ ಬೇಕು. ವಿಂಡೋಸ್ 11ಕ್ಕೆ ಹೋಗೋಣ ಅಂದರೆ ಟಿಪಿಎಂ 2.0 ಎಂಬ ಸುರಕ್ಷತಾ ಚಿಪ್ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಎಂಟನೇ ತಲೆಮಾರಿನದೋ ಅದಕ್ಕಿಂತ ಹೊಸತೋ ಇರಬೇಕು. ನಮ್ಮ ಕಡೆಯ ಎಷ್ಟೋ ಮಷಿನ್‌ಗಳು ಈ ಪರೀಕ್ಷೆಯಲ್ಲಿ ಫೇಲು.

‘ಎಂತ ಮಾಡುದು ಮಾರಾಯ್ರೆ, ಹೊಸದೇ ತಗಳುದಾ?’ ಅಂತ ಕೇಳುವವರಿಗೆ ನಾನು ಹೇಳುವುದು, ತಡೀರಿ, ಮೊದಲು ಲಿನಕ್ಸ್ ಹಾಕಿ ನೋಡುವ ಅಂತ. ಕುಮಟಾ ತಾಲೂಕಿನ ನಮ್ಮ ಮನೆಯಲ್ಲಿ ಹಲವು ವರ್ಷಗಳಿಂದ ಅದೇ ನಡೆಯುತ್ತಿದೆ. ಗೋಕರ್ಣದಿಂದ ಶಿರಾಲಿಯವರೆಗೆ ನೆಂಟರಿಷ್ಟರ ಕಂಪ್ಯೂಟರುಗಳಿಗೂ ಹಾಕಿಕೊಟ್ಟಿದ್ದೇನೆ. ಆ ಓಡಾಟದಲ್ಲಿ ನನಗೆ ಕಂಡದ್ದು ಇಷ್ಟು: ಲಿನಕ್ಸ್ ಬಳಸಲು ಯಾರಿಗೂ ಕಷ್ಟವಾಗಿಲ್ಲ. ಅರವತ್ತು ದಾಟಿದವರೂ ಎರಡು ದಿನದಲ್ಲಿ ಹೊಂದಿಕೊಂಡಿದ್ದಾರೆ. ಕೈಕೊಡುವುದು ಬೇರೆಯೇ, ನಮ್ಮ ಹಳೇ ಕನ್ನಡ ಫೈಲುಗಳು, ಪ್ರಿಂಟರು, ಮತ್ತೆ ಮಳೆಗಾಲದ ಕರೆಂಟು. ಇಂಟರ್ನೆಟ್ಟಿನಲ್ಲಿ ಸಿಗುವ ‘ಲಿನಕ್ಸ್ ಟಿಪ್ಸ್’ಗಳಲ್ಲಿ ಈ ಮೂರರ ಬಗ್ಗೆ ಒಂದಕ್ಷರ ಇರುವುದಿಲ್ಲ. ಅದನ್ನು ಬರೆಯುವವರ ಮನೆಯಲ್ಲಿ ನುಡಿಯೂ ಇಲ್ಲ, ಜೂನ್ ತಿಂಗಳೂ ಇಲ್ಲ! ಆ ಕಾರಣಕ್ಕೆ ಈ ಲೇಖನ. ಕಪ್ಪು ಪರದೆಯಲ್ಲಿ ಟೈಪ್ ಮಾಡುವ ಕಮಾಂಡ್ ಇದರಲ್ಲಿ ಒಂದೂ ಇಲ್ಲ, ಹೆದರಬೇಡಿ.

ಲಿನಕ್ಸ್ ಅಂದರೆ ಯಾವುದು?

1991ರಲ್ಲಿ ಫಿನ್‌ಲ್ಯಾಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಬರೆದು ಲೋಕಕ್ಕೆ ಬಿಟ್ಟ ತಿರುಳೇ ಲಿನಕ್ಸ್. ಅದರ ಸುತ್ತ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಘೋಷಿಸಿದ್ದ ಗ್ನು ಯೋಜನೆಯ ತಂತ್ರಾಂಶಗಳೂ ಸಾವಿರಾರು ಜನರ ಕೆಲಸವೂ ಸೇರಿ ಪೂರ್ತಿ ಆಪರೇಟಿಂಗ್ ಸಿಸ್ಟಂ ಆಗಿದೆ. ನಿಮ್ಮ ಕಿಸೆಯಲ್ಲಿರುವ ಆಂಡ್ರಾಯ್ಡ್ ಫೋನಿನ ತಿರುಳೂ ಇದೇ. ಕಂಪ್ಯೂಟರಿಗೆ ಹಾಕುವಾಗ ಉಬುಂಟು, ಡೆಬಿಯನ್, ಫೆಡೋರಾ, ಮಿಂಟ್ ಅಂತ ನೂರೆಂಟು ರೂಪ ಸಿಗುತ್ತವೆ. ಯಾವುದು ಒಳ್ಳೆಯದು ಅಂತ ವಾದಕ್ಕೆ ಕೂತರೆ ತಾಳಮದ್ದಳೆಯ ಹಾಗೆ ಬೆಳಗಾಗುತ್ತದೆ. ಹೊಸಬರಿಗೆ ನನ್ನ ಉತ್ತರ ಒಂದೇ, ಲಿನಕ್ಸ್ ಮಿಂಟ್. ಮೆನು ಎಡಗಡೆ ಕೆಳಗೆ, ಗಡಿಯಾರ ಬಲಗಡೆ ಕೆಳಗೆ, ವಿಂಡೋಸ್ 7 ಕಂಡವರಿಗೆ ಎಲ್ಲ ಗುರುತಿನದೇ. ಮಿಂಟ್ 22ರ ಸರಣಿಗೆ 2029ರ ತನಕ ಸುರಕ್ಷತಾ ಅಪ್‌ಡೇಟ್ ಸಿಗುತ್ತದೆ. ಕನಿಷ್ಠ 2 ಜಿಬಿ ರ್‍ಯಾಮ್ ಅಂತ ಅವರೇ ಹೇಳುತ್ತಾರೆ, ಸರಾಗವಾಗಿ ನಡೆಯಲು 4 ಜಿಬಿ ಬೇಕು. ಮಷಿನ್ ತೀರಾ ನಿಧಾನದ್ದಾದರೆ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿ. ಇನ್ನೂ ಹಾರ್ಡ್‌ಡಿಸ್ಕ್ ತಿರುಗುತ್ತಿದ್ದರೆ ಒಂದು ಚಿಕ್ಕ ಎಸ್‌ಎಸ್‌ಡಿ ಹಾಕಿಸಿ. ಹಳೇ ಕಂಪ್ಯೂಟರಿಗೆ ಖರ್ಚು ಮಾಡಲೇಬೇಕು ಅಂತಿದ್ದರೆ ಮೊದಲ ಖರ್ಚು ಅದು.

ಹಾಕುವ ಮೊದಲು ಪರೀಕ್ಷೆ ಮಾಡುವ ಸೌಲಭ್ಯ ಲಿನಕ್ಸ್‌ನಲ್ಲಿದೆ, ಇದನ್ನು ಬಿಡಬೇಡಿ. ಮಿಂಟ್‌ನ ಕಡತ ಇಳಿಸಿಕೊಂಡು, ಎಚರ್ ಅಥವಾ ರೂಫಸ್ ಎಂಬ ಉಚಿತ ತಂತ್ರಾಂಶದಿಂದ 8 ಜಿಬಿ ಪೆನ್‌ಡ್ರೈವ್‌ಗೆ ಬರೆಯಿರಿ (ಪೆನ್‌ಡ್ರೈವ್‌ನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ). ಕಂಪ್ಯೂಟರ್ ಶುರುವಾಗುವಾಗ ಎಫ್12, ಎಚ್‌ಪಿಯಾದರೆ ಎಫ್9 ಒತ್ತಿ ಪೆನ್‌ಡ್ರೈವ್ ಆರಿಸಿದರೆ ಒಳಗಿನ ವಿಂಡೋಸ್ ಮುಟ್ಟದೆಯೇ ಲಿನಕ್ಸ್ ತೆರೆದುಕೊಳ್ಳುತ್ತದೆ. ವೈಫೈ ಸಿಗುತ್ತದಾ, ಸೌಂಡ್ ಬರುತ್ತದಾ, ಕ್ಯಾಮೆರಾ, ಪ್ರಿಂಟರ್, ಸ್ಕ್ಯಾನರ್ ಎಲ್ಲ ಅಲ್ಲೇ ನೋಡಿಕೊಳ್ಳಿ. ವೈಫೈ ಸಿಗದಿದ್ದರೆ ಗಾಬರಿ ಬೇಡ. ಫೋನನ್ನು ಯುಎಸ್‌ಬಿ ಕೇಬಲ್ಲಿನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಯಾವ ಡ್ರೈವರೂ ಇಲ್ಲದೆ ಇಂಟರ್ನೆಟ್ ಬರುತ್ತದೆ. ಮಿಂಟ್ ಹಾಕಿದ ಮೇಲೂ ಇದೇ ಉಪಾಯದಿಂದ ‘ಡ್ರೈವರ್ ಮ್ಯಾನೇಜರ್’ ತೆರೆದು ವೈಫೈ ಡ್ರೈವರ್ ಹುಡುಕಿಸಬಹುದು.

ಯಾರು ಬದಲಾಯಿಸಬಾರದು

ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಲಿನಕ್ಸ್ ಅಭಿಮಾನಿಗಳು ಈ ಭಾಗ ನುಂಗಿಹಾಕುತ್ತಾರೆ, ಆಮೇಲೆ ಪಾಪ ಅಂಗಡಿಯವನಿಗೆ ತೊಂದರೆ.

ಟ್ಯಾಲಿಯಲ್ಲಿ ಲೆಕ್ಕ ಬರೆಯುವವರಿಗೆ ಲಿನಕ್ಸ್‌ನಲ್ಲಿ ನೇರವಾಗಿ ಓಡುವ ಟ್ಯಾಲಿ ಇಲ್ಲ. ಕೋರೆಲ್‌ಡ್ರಾ, ಫೋಟೋಶಾಪ್‌ಗಳೂ ಇಲ್ಲ. ಫ್ಲೆಕ್ಸ್, ಮದುವೆ ಕಾಗದದ ಕೆಲಸವೇ ಹೊಟ್ಟೆಪಾಡಾಗಿರುವವರು ಒಂದು ಮಷಿನ್‌ನಲ್ಲಿ ವಿಂಡೋಸ್ ಇಟ್ಟುಕೊಳ್ಳಬೇಕು. ಬೆರಳಚ್ಚು ಯಂತ್ರ ಇಟ್ಟುಕೊಂಡು ಆಧಾರ್ ದೃಢೀಕರಣ ಮಾಡುವವರು, ಡಿಜಿಟಲ್ ಸಹಿಯ ಟೋಕನ್ ಬಳಸುವವರು ಆಯಾ ಉಪಕರಣದ ಕಂಪನಿಯ ಬಳಿ ಲಿನಕ್ಸ್ ಡ್ರೈವರ್ ಉಂಟಾ ಅಂತ ಕೇಳಿಯೇ ಮುಂದಡಿ ಇಡಬೇಕು. ಹಾಗೆ ವಿಂಡೋಸ್ 10 ಉಳಿಸಿಕೊಂಡ ಮಷಿನ್ ಇದ್ದರೆ ಅದರಲ್ಲಿ ಬ್ಯಾಂಕಿನ ಕೆಲಸ, ಇಮೇಲ್ ಬೇಡ. ಸಾಧ್ಯವಾದರೆ ಇಂಟರ್ನೆಟ್ಟೇ ಬೇಡ. ಆ ಕೆಲಸಗಳನ್ನು ಪಕ್ಕದ ಲಿನಕ್ಸ್ ಮಷಿನ್‌ಗೆ ಕೊಡಿ.

ಒಂದೇ ಕಂಪ್ಯೂಟರಿನಲ್ಲಿ ಎರಡನ್ನೂ ಇಡುತ್ತೇನೆ ಅನ್ನುವವರು ವಿಂಡೋಸ್‌ನ ಪವರ್ ಸೆಟ್ಟಿಂಗ್‌ನಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಅನ್ನುವುದನ್ನು ತೆಗೆದುಬಿಡಿ. ಅದು ಇದ್ದರೆ ವಿಂಡೋಸ್ ಪೂರ್ತಿ ಬಂದಾಗುವುದಿಲ್ಲ, ಅರೆನಿದ್ದೆಯಲ್ಲಿರುತ್ತದೆ. ಆಗ ಲಿನಕ್ಸ್‌ನಿಂದ ಡಿ ಡ್ರೈವ್ ತೆರೆದರೆ ಓದಲು ಮಾತ್ರ ಬಿಡುತ್ತದೆ, ಬರೆಯಲು ಬಿಡುವುದಿಲ್ಲ. ‘ಲಿನಕ್ಸ್ ಹಾಕಿದ ಮೇಲೆ ಡಿ ಡ್ರೈವ್ ಹಾಳಾಯ್ತು’ ಅಂತ ಬರುವ ದೂರುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಇಷ್ಟೇ.

ಬರೀ ಬ್ರೌಸರ್, ಪತ್ರ, ಲೆಕ್ಕದ ಪಟ್ಟಿ, ಯೂಟ್ಯೂಬ್, ಬ್ಯಾಂಕು, ಪಹಣಿ, ಬಸ್ಸು–ರೈಲು ಟಿಕೆಟ್, ವಾಟ್ಸಾಪ್ ವೆಬ್, ಮಕ್ಕಳ ಪಾಠ ಅಂತಿರುವವರಿಗೆ ಈ ತಕರಾರು ಯಾವುದೂ ಇಲ್ಲ. ನಮ್ಮಲ್ಲಿ ಹೆಚ್ಚಿನ ಮನೆಗಳ ಬಳಕೆ ಇಷ್ಟೇ.

ನುಡಿಯ ಹಳೇ ಫೈಲು: ಡಿಸ್ಕ್ ಅಳಿಸುವ ಮೊದಲು ಓದಿ

ಇದು ಮುಖ್ಯ ವಿಷಯ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕನ್ನಡ ಗಣಕ ಪರಿಷತ್ತಿನ ನುಡಿ ಇಲ್ಲದಿದ್ದರೆ ಕರ್ನಾಟಕದ ಕಚೇರಿಗಳಿಗೆ ಕಂಪ್ಯೂಟರಿನಲ್ಲಿ ಕನ್ನಡ ಅಷ್ಟು ಬೇಗ ಬರುತ್ತಿರಲಿಲ್ಲ. ಆದರೆ ಎರಡು ದಶಕಗಳ ಹಿಂದೆ ಅದು, ಹಾಗೆಯೇ ಬರಹ, ಶ್ರೀಲಿಪಿ ಮುಂತಾದವು, ಕನ್ನಡ ಮೂಡಿಸಲು ಬಳಸಿದ್ದು ಒಂದು ಅಡ್ಡದಾರಿ. ಕಂಪ್ಯೂಟರಿನ ಒಳಗೆ ಶೇಖರವಾಗುತ್ತಿದ್ದದ್ದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತ. ಫಾಂಟ್ ಮಾತ್ರ ಆ ಸಂಕೇತದ ಮೇಲೆ ಕನ್ನಡದ ಆಕಾರ ಬರೆಯುತ್ತಿತ್ತು. ಬಣ್ಣದ ವೇಷ ಹಾಕಿದ ಹಾಗೆ, ಕಿರೀಟ ಕಳಚಿದರೆ ಒಳಗೆ ಬೇರೆಯೇ ಮನುಷ್ಯ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದೇ ಕಡತ ತೆರೆದರೆ ತಲೆಮೇಲೆ ಕೊಂಬು, ಚುಕ್ಕೆ ಇರುವ ಇಂಗ್ಲಿಷ್ ಅಕ್ಷರಗಳ ಸಂತೆ ಕಾಣುತ್ತದೆ. ಇದನ್ನೇ ಆಸ್ಕಿ ಫಾಂಟ್ ಅನ್ನುತ್ತಾರೆ. ಈಗ ಫೋನಿನಲ್ಲಿ, ಜಾಲತಾಣಗಳಲ್ಲಿ ನಾವು ನೋಡುವ ಕನ್ನಡ ಯೂನಿಕೋಡ್. ಅದರಲ್ಲಿ ‘ಕ’ ಅನ್ನುವುದು ಒಳಗೂ ‘ಕ’ವೇ. ನುಡಿಯ ಈಚಿನ ಆವೃತ್ತಿಗಳಲ್ಲಿ ಯೂನಿಕೋಡ್ ಬಂದಿದೆ, ಆದರೆ ರೂಢಿಯ ಮೇಲೆ ಇಂದಿಗೂ ಹಳೇ ಫಾಂಟಿನಲ್ಲೇ ಟೈಪ್ ಮಾಡುವವರು ಬೇಕಾದಷ್ಟು.

ಹಾಗಾಗಿ ವಿಂಡೋಸ್ ಅಳಿಸಿ ಲಿನಕ್ಸ್ ಹಾಕಿದ ದಿನ ಸಂಘದ ಹದಿನೈದು ವರ್ಷದ ಠರಾವು ತೆರೆದರೆ ಏನೂ ಓದಲಾಗುವುದಿಲ್ಲ. ಆಗ ಬೈಗುಳ ಲಿನಕ್ಸ್‌ಗೆ. ತಪ್ಪಿಸುವ ದಾರಿ ಸುಲಭ: ವಿಂಡೋಸ್ ಅಳಿಸುವ ಮೊದಲು ಅದರ ಫಾಂಟ್ಸ್ ಫೋಲ್ಡರ್ ತೆರೆದು ನುಡಿ, ಬರಹ, ಶ್ರೀಲಿಪಿಯ ಫಾಂಟ್‌ಗಳನ್ನೆಲ್ಲ ಪೆನ್‌ಡ್ರೈವ್‌ಗೆ ನಕಲು ಮಾಡಿಕೊಳ್ಳಿ. ಲಿನಕ್ಸ್‌ಗೆ ಬಂದ ಮೇಲೆ ಆ ಫಾಂಟ್ ಫೈಲಿನ ಮೇಲೆ ಎರಡು ಸಲ ಒತ್ತಿದರೆ ಕಿಟಕಿ ತೆರೆಯುತ್ತದೆ, ‘ಇನ್‌ಸ್ಟಾಲ್’ ಒತ್ತಿ. ಈಗ ಹಳೇ ವರ್ಡ್, ಎಕ್ಸೆಲ್ ಫೈಲುಗಳನ್ನು ಲಿಬ್ರೆಆಫೀಸ್‌ನಲ್ಲಿ ತೆರೆದರೆ ಕನ್ನಡ ಮೊದಲಿನ ಹಾಗೇ ಕಾಣುತ್ತದೆ, ಪ್ರಿಂಟೂ ಆಗುತ್ತದೆ. ಶ್ರೀಲಿಪಿಯಂತಹ ಹಣಕೊಟ್ಟ ಫಾಂಟ್ ಆದರೆ ಅದರ ಪರವಾನಗಿ ನಿಮ್ಮದಾಗಿರಬೇಕು ಅನ್ನುವುದು ನೆನಪಿರಲಿ.

ಇದು ಓದುವ ವ್ಯವಸ್ಥೆ ಮಾತ್ರ. ಹುಡುಕಲು, ವಾಟ್ಸಾಪಿನಲ್ಲಿ ಕಳಿಸಲು, ಅಕಾರಾದಿಯಲ್ಲಿ ಜೋಡಿಸಲು ಯೂನಿಕೋಡ್‌ಗೆ ಬದಲಾಯಿಸಲೇಬೇಕು. ಅದಕ್ಕೆ ಪರಿವರ್ತಕಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಗುಬ್ಬಿ, ನವಿಲು ಎಂಬ ಮುಕ್ತ ಕನ್ನಡ ಫಾಂಟ್‌ಗಳನ್ನು ರೂಪಿಸಿದ ಅರವಿಂದ ವಿ.ಕೆ. ಮಾಡಿದ ಪರಿವರ್ತಕ ಬ್ರೌಸರಿನಲ್ಲೇ ಕೆಲಸ ಮಾಡುತ್ತದೆ. ಆದರೆ ಪರಿವರ್ತಿಸಿದ್ದನ್ನು ಕಣ್ಣುಮುಚ್ಚಿ ನಂಬಬಾರದು. ಕನ್ನಡದ ನಡುವೆ ಇದ್ದ ಇಂಗ್ಲಿಷ್ ಪದಗಳು, ಮಾದರಿಗೆ ಸರ್ವೆ ನಂಬರಿನ ಪಕ್ಕದ ಇಂಗ್ಲಿಷ್ ಅಕ್ಷರ, ಬ್ಯಾಂಕಿನ ಐಎಫ್‌ಎಸ್‌ಸಿ ಕೋಡ್, ಇವನ್ನೂ ಅದು ಕನ್ನಡ ಅಂತ ತಿಳಿದು ಏನೇನೋ ಮಾಡಿಬಿಡುತ್ತದೆ. ಒಳಗಿನ ಸಂಕೇತ ಎರಡಕ್ಕೂ ಒಂದೇ ಆದ್ದರಿಂದ ಅದಕ್ಕೆ ವ್ಯತ್ಯಾಸ ತಿಳಿಯುವ ಉಪಾಯ ಇಲ್ಲ. ಅರ್ಕಾವೊತ್ತು, ಎರಡು ಒತ್ತು ಬರುವ ಪದಗಳನ್ನೂ ನೋಡಿಕೊಳ್ಳಿ. ಸಾಲದ ಪಟ್ಟಿ, ಸದಸ್ಯರ ಪಟ್ಟಿಯಂಥವುಗಳಲ್ಲಿ ಹೆಸರು, ಸಂಖ್ಯೆಯ ಕಾಲಂಗಳನ್ನು ಬೇರೆಬೇರೆಯಾಗಿಯೇ ಪರಿವರ್ತಿಸಿ, ಮೂಲ ಪ್ರತಿಯನ್ನು ಯಾವ ಕಾರಣಕ್ಕೂ ಅಳಿಸಬೇಡಿ. ಎಲ್ಲವನ್ನೂ ಒಂದೇ ದಿನ ಮುಗಿಸುತ್ತೇನೆ ಅಂತ ಹೊರಡುವುದೂ ಬೇಡ. ಇವತ್ತಿನಿಂದ ಹೊಸದೆಲ್ಲ ಯೂನಿಕೋಡ್, ಹಳೆಯದು ಬೇಕಾದಾಗ ಒಂದೊಂದೇ ಅಂತಿಟ್ಟುಕೊಂಡರೆ ಸಾಕು.

ಪೇಜ್‌ಮೇಕರ್‌ನಲ್ಲಿ ಮಾಡಿದ ಹಳೇ ಸ್ಮರಣ ಸಂಚಿಕೆ, ಪ್ರಸಂಗ ಪುಸ್ತಕಗಳ ಕಡತ ಇದ್ದರೆ ಅದನ್ನೂ ಬಿಸಾಡಬೇಡಿ. ಪೇಜ್‌ಮೇಕರ್ 6 ಮತ್ತು 7ರ ಫೈಲುಗಳನ್ನು ಲಿಬ್ರೆಆಫೀಸ್ ಡ್ರಾ ತೆರೆಯುತ್ತದೆ. ಪುಟವಿನ್ಯಾಸ ಅಲ್ಲಲ್ಲಿ ಅಲುಗಾಡುತ್ತದೆ, ಪಠ್ಯ ಕೈಗೆ ಸಿಗುತ್ತದೆ. ಹೊಸ ಪುಟವಿನ್ಯಾಸಕ್ಕೆ ಸ್ಕ್ರೈಬಸ್ ಬಳಸುವುದಾದರೆ 1.6 ಅಥವಾ ಅದಕ್ಕಿಂತ ಹೊಸ ಆವೃತ್ತಿಯೇ ಇರಲಿ. ಹಳೇ 1.4ರಲ್ಲಿ ಕನ್ನಡದ ಒತ್ತಕ್ಷರ ಸರಿಯಾಗಿ ಕೂರುತ್ತಿರಲಿಲ್ಲ. ಕಡತವೇ ಹೋಗಿ ಬರೀ ಕಾಗದ ಉಳಿದಿದ್ದರೆ 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಟೆಸೆರಾಕ್ಟ್ ಎಂಬ ಮುಕ್ತ ಅಕ್ಷರ ಗುರುತಿಸುವ ತಂತ್ರಾಂಶದ ಕನ್ನಡ ಭಾಗ ಹಾಕಿಕೊಂಡು ಓದಿಸಬಹುದು. ಒಳ್ಳೆಯ ಮುದ್ರಣವಾದರೆ ತಿದ್ದುವ ಕೆಲಸ ಕಡಿಮೆ. ಮಳೆಗಾಲ ಹತ್ತು ಕಂಡ ಕಾಗದವಾದರೆ ಟೈಪ್ ಮಾಡುವುದೇ ವಾಸಿ.

ಕೀಲಿಮಣೆ ಅದೇ, ಬೆರಳೂ ಅದೇ

‘ಲಿನಕ್ಸ್‌ನಲ್ಲಿ ನುಡಿ ಇಲ್ಲವಲ್ಲ’ ಅನ್ನುವುದು ಟೈಪಿಸ್ಟ್‌ಗಳ ಮೊದಲ ಆಕ್ಷೇಪ. ನುಡಿ ತಂತ್ರಾಂಶ ಇಲ್ಲ, ಸರಿ. ನುಡಿಯ ಕೀಲಿಮಣೆ ವಿನ್ಯಾಸ ಇದೆ. ಮಂಗಳೂರು ಕಡೆಯ ಕಿನ್ನಿಕಂಬಳದ ಕೆ.ಪಿ. ರಾವ್ ರೂಪಿಸಿದ ಧ್ವನಿಯಾಧಾರಿತ ಕೀಲಿಮಣೆಯೇ ಕಗಪ ವಿನ್ಯಾಸದ ಮೂಲ, ಅದು ಲಿನಕ್ಸ್‌ನ ಒಳಗೇ ಸೇರಿಕೊಂಡಿದೆ. ಬೇರೆ ಏನನ್ನೂ ಇಳಿಸಿಕೊಳ್ಳಬೇಕಿಲ್ಲ. ಮಿಂಟ್‌ನಲ್ಲಿ ಮೆನು ತೆರೆದು ‘ಕೀಬೋರ್ಡ್’ಗೆ ಹೋಗಿ, ‘ಲೇಔಟ್ಸ್’ ಅನ್ನುವಲ್ಲಿ ಕೂಡಿಸುವ ಗುರುತು ಒತ್ತಿ, ಪಟ್ಟಿಯಲ್ಲಿ ಕನ್ನಡದ ಎದುರು ಕಗಪ ಅಂತಿರುವುದನ್ನು ಆರಿಸಿ. ಕನ್ನಡ–ಇಂಗ್ಲಿಷ್ ನಡುವೆ ಜಿಗಿಯಲು ಯಾವ ಕೀ ಬೇಕು ಅನ್ನುವುದನ್ನು ಅಲ್ಲೇ ‘ಆಪ್ಷನ್ಸ್’ನಲ್ಲಿ ಗೊತ್ತು ಮಾಡಿಕೊಳ್ಳಬಹುದು. ನುಡಿಯಲ್ಲಿದ್ದ ಹಾಗೇ ಎಫ್ ಒತ್ತಿದರೆ ಅರ್ಧಾಕ್ಷರ. ಇಪ್ಪತ್ತು ವರ್ಷದ ಬೆರಳಿನ ಅಭ್ಯಾಸಕ್ಕೆ ಹೊಸ ಪಾಠ ಹೇಳಬೇಕಿಲ್ಲ. ಫೋನಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕನ್ನಡ ಮಾಡಿಸಿಕೊಳ್ಳುವ ರೂಢಿಯವರಿಗೆ ‘ಇನ್‌ಪುಟ್ ಮೆಥಡ್’ ಎಂಬಲ್ಲಿ ಐಬಸ್ ಹಾಕಿಕೊಂಡರೆ ಆ ಬಗೆಯ ಲಿಪ್ಯಂತರವೂ ಸಿಗುತ್ತದೆ.

ಭಟ್ಕಳದವರಿಗೆ ಇದರಲ್ಲಿ ಇನ್ನೊಂದು ಅನುಕೂಲ ಇದೆ. ಅಲ್ಲಿ ಒಂದೇ ಮನೆಯಲ್ಲಿ ನವಾಯತಿ, ಉರ್ದು, ಕನ್ನಡ, ಇಂಗ್ಲಿಷ್ ಎಲ್ಲ ಬೇಕು. ಶಾಲೆಗೆ ಕನ್ನಡ, ಜಮಾತಿನ ಕಾಗದಕ್ಕೆ ಉರ್ದು. ಅದೇ ಲೇಔಟ್ ಪಟ್ಟಿಗೆ ಉರ್ದುವನ್ನೂ ಸೇರಿಸಿದರೆ ಒಂದೇ ಕೀಯಲ್ಲಿ ಸುತ್ತು ಬರುತ್ತದೆ. ಈ ಪಟ್ಟಿಯಲ್ಲಿ ಏಕಕಾಲಕ್ಕೆ ನಾಲ್ಕೇ ಲೇಔಟ್ ಹಿಡಿಯುವುದು, ಐದನೆಯದು ಸೇರಿಸಬೇಡಿ. ಉರ್ದು ಅಕ್ಷರ ಪತ್ರಿಕೆಯಲ್ಲಿದ್ದ ಹಾಗೆ ಓರೆಯಾಗಿ ಇಳಿಯಬೇಕು ಅನ್ನುವವರು ನೋಟೋ ನಸ್ತಾಲಿಕ್ ಫಾಂಟ್ ಹಾಕಿಕೊಳ್ಳಿ. ಕನ್ನಡಕ್ಕೆ ‘ಸಾಫ್ಟ್‌ವೇರ್ ಮ್ಯಾನೇಜರ್’ನಲ್ಲಿ ಕನ್ನಡ ಅಂತ ಹುಡುಕಿದರೆ ಲೋಹಿತ್, ಗುಬ್ಬಿ, ನವಿಲು, ನೋಟೋ ಎಲ್ಲ ಸಿಗುತ್ತವೆ, ದುಡ್ಡಿಲ್ಲದೆ, ಪರವಾನಗಿಯ ಅಂಜಿಕೆ ಇಲ್ಲದೆ.

ಪ್ರಿಂಟರ್

ಚಿಕ್ಕದಾಗಿ ಹೇಳುತ್ತೇನೆ. ಎಚ್‌ಪಿಯಾದರೆ ಹೆಚ್ಚಿನವು ಸಿಕ್ಕಿಸಿದ ಕೂಡಲೇ ನಡೆಯುತ್ತವೆ. ಕೆಲವು ಹಳೇ ಲೇಸರ್ ಮಾದರಿಗಳು ಮೊದಲ ಸಲ ಒಂದು ಪ್ಲಗಿನ್ ಇಳಿಸಿಕೊಳ್ಳಲು ಕೇಳುತ್ತವೆ, ಆಗ ಇಂಟರ್ನೆಟ್ ಇರಲಿ. ವೈಫೈ ಇರುವ ಈಚಿನ ಇಂಕ್‌ಟ್ಯಾಂಕ್ ಪ್ರಿಂಟರುಗಳಿಗೆ ಡ್ರೈವರೇ ಬೇಡ, ಫೋನಿನಿಂದ ಪ್ರಿಂಟಾಗುವುದು ಲಿನಕ್ಸ್‌ನಿಂದಲೂ ಆಗುತ್ತದೆ ಅಂತ ಲೆಕ್ಕ ಇಟ್ಟುಕೊಳ್ಳಿ. ಆದರೆ ನಮ್ಮ ಊರಿನ ಆರಾಧ್ಯ ದೈವ ಕ್ಯಾನನ್ 2900 ಇದೆಯಲ್ಲ, ಅದು ಹಟಮಾರಿ. ಕ್ಯಾನನ್ ಕೊಟ್ಟ ಲಿನಕ್ಸ್ ಡ್ರೈವರ್ ಹಳತು, ಹೊಸ ಆವೃತ್ತಿಗಳಲ್ಲಿ ತಕರಾರು ಮಾಡುತ್ತದೆ. ಉತ್ಸಾಹಿಗಳು ಬರೆದ ಮುಕ್ತ ಡ್ರೈವರ್ ಒಂದಿದೆ, ಅದನ್ನು ಕೂರಿಸಲು ತಿಳಿದವರ ಸಹಾಯ ಬೇಕು. ದಿನಕ್ಕೆ ಇನ್ನೂರು ಪುಟ ತೆಗೆಯುವ ಅಂಗಡಿಯಲ್ಲಿ ಆ ಪ್ರಿಂಟರ್ ಹಿಂದೆ ವಿಂಡೋಸ್ ಮಷಿನ್ ಇರಲಿ, ಲಿನಕ್ಸ್‌ನಲ್ಲಿ ಪಿಡಿಎಫ್ ಮಾಡಿ ಅಲ್ಲಿಗೆ ಕಳಿಸಿ.

ಜೆರಾಕ್ಸ್ ಅಂಗಡಿಯವರು ಲಿನಕ್ಸ್ ಮಷಿನ್ ಒಂದನ್ನಾದರೂ ಇಟ್ಟುಕೊಳ್ಳಲು ಬೇರೆಯೇ ಕಾರಣ ಇದೆ: ಗಿರಾಕಿಗಳ ಪೆನ್‌ಡ್ರೈವ್. ಫೋಲ್ಡರ್‌ಗಳೆಲ್ಲ ಮಾಯವಾಗಿ ಬರೀ ಶಾರ್ಟ್‌ಕಟ್ ಉಳಿಯುವ ವೈರಸ್ ಕಾಲೇಜು ಮಕ್ಕಳ ಪ್ರಾಜೆಕ್ಟ್ ಜೊತೆಗೇ ಅಂಗಡಿಯಿಂದ ಅಂಗಡಿಗೆ ತಿರುಗುತ್ತಿರುತ್ತದೆ. ಅದು ವಿಂಡೋಸ್‌ಗೆ ಬರೆದ ವೈರಸ್, ಲಿನಕ್ಸ್‌ನಲ್ಲಿ ಎದ್ದು ನಿಲ್ಲುವುದಿಲ್ಲ. ಪೆನ್‌ಡ್ರೈವ್ ತೆರೆದು ಕಂಟ್ರೋಲ್ ಮತ್ತು ಎಚ್ ಒತ್ತಿ, ಅಡಗಿಸಿಟ್ಟ ಫೋಲ್ಡರ್ ಎದುರಿಗೆ ಬರುತ್ತದೆ. ಬೇಕಾದ್ದನ್ನು ನಕಲು ಮಾಡಿಕೊಂಡು, ಶಾರ್ಟ್‌ಕಟ್‌ಗಳನ್ನು ಅಳಿಸಿ, ಗಿರಾಕಿಗೆ ವಾಪಸ್ ಕೊಡಿ.

ಜೂನ್‌ನಿಂದ ಸೆಪ್ಟೆಂಬರ್

ಇಲ್ಲಿ ಮಳೆ ಹಿಡಿದರೆ ಕರೆಂಟಿನ ಮಾತು ಆಡುವ ಹಾಗಿಲ್ಲ. ಮರ ಬಿದ್ದು, ತಂತಿ ಹರಿದು, ಹೆಸ್ಕಾಂನ ಲೈನ್‌ಮನ್ ಪಾಪ ನೆನೆಯುತ್ತ ಬರುವ ತನಕ ಕತ್ತಲು. ಒಂದು ಗಂಟೆಯಲ್ಲಿ ನಾಲ್ಕು ಸಲ ಹೋಗಿ ಬಂದರೆ ಅದು ಇನ್ನೂ ಕೆಟ್ಟದ್ದು. ಲಿನಕ್ಸ್‌ನ ಫೈಲ್ ವ್ಯವಸ್ಥೆ ತಾನು ಮಾಡುವ ಬದಲಾವಣೆಯನ್ನು ಮೊದಲು ದಿನಚರಿಯಲ್ಲಿ ಬರೆದುಕೊಂಡು ಆಮೇಲೆ ಮಾಡುತ್ತದೆ. ಹಾಗಾಗಿ ಕರೆಂಟ್ ಹೋಗಿ ಬಂದಾಗ ಡಿಸ್ಕಿನ ವ್ಯವಸ್ಥೆ ಸಾಮಾನ್ಯವಾಗಿ ತಾನೇ ಸರಿಮಾಡಿಕೊಂಡು ಏಳುತ್ತದೆ. ಆದರೆ ನೀವು ಉಳಿಸದೇ ಇದ್ದ ಅರ್ಜಿ ಹೋಯಿತು ಅಂದರೆ ಹೋಯಿತು. ಲಿಬ್ರೆಆಫೀಸ್‌ನಲ್ಲಿ ‘ಟೂಲ್ಸ್’, ‘ಆಪ್ಷನ್ಸ್’, ‘ಲೋಡ್/ಸೇವ್’, ‘ಜನರಲ್’ಗೆ ಹೋಗಿ. ಹತ್ತು ನಿಮಿಷಕ್ಕೊಮ್ಮೆ ಅಂತಿರುವ ಸ್ವಯಂ ಉಳಿಕೆಯನ್ನು ಎರಡು ನಿಮಿಷ ಮಾಡಿ. ಅಲ್ಲೇ ‘ಯಾವಾಗಲೂ ಬ್ಯಾಕಪ್ ಪ್ರತಿ ಮಾಡು’ ಅನ್ನುವುದಕ್ಕೂ ಗುರುತು ಹಾಕಿ. ಯುಪಿಎಸ್ ಇದ್ದರೂ ಇದನ್ನು ಮಾಡಿ, ನಮ್ಮ ಕಡೆಯ ಯುಪಿಎಸ್ ಬ್ಯಾಟರಿಗಳ ಪರಿಸ್ಥಿತಿ ನಿಮಗೆ ಗೊತ್ತೇ ಇದೆ.

ಮಿಂಟ್‌ನಲ್ಲಿ ಟೈಮ್‌ಶಿಫ್ಟ್ ಎಂಬ ಒಳ್ಳೆಯ ಸಾಧನ ಬರುತ್ತದೆ. ಅಪ್‌ಡೇಟ್ ಮಾಡಿ ಏನಾದರೂ ಕೆಟ್ಟರೆ ಕಂಪ್ಯೂಟರನ್ನು ಹಿಂದಿನ ದಿನದ ಸ್ಥಿತಿಗೆ ಒಯ್ಯುತ್ತದೆ. ಅದನ್ನು ಆನ್ ಮಾಡಿಡಿ. ಆದರೆ ಅದು ಕಾಯುವುದು ಸಿಸ್ಟಮನ್ನು ಮಾತ್ರ, ನಿಮ್ಮ ಫೋಟೋ, ಠರಾವು, ಲೆಕ್ಕಪತ್ರ ಅದರಲ್ಲಿ ಸೇರಿರುವುದಿಲ್ಲ. ‘ಟೈಮ್‌ಶಿಫ್ಟ್ ಉಂಟಲ್ಲ’ ಅಂತ ನಿಶ್ಚಿಂತೆಯಿಂದ ಇರುವವರನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಕಳವಳ. ನಿಮ್ಮ ಕಡತಗಳಿಗೆ ಹೊರಗಿನ ಒಂದು ಡಿಸ್ಕ್ ಬೇಕು. ವಾರಕ್ಕೊಮ್ಮೆ ಮಿಂಟ್‌ನದೇ ‘ಬ್ಯಾಕಪ್ ಟೂಲ್’ನಿಂದ ಪ್ರತಿ ಮಾಡಿ, ಡಿಸ್ಕನ್ನು ಕಂಪ್ಯೂಟರಿನಿಂದ ಕಳಚಿ ಬೇರೆ ಕಡೆ ಇಡಿ. ಸಿಡಿಲು ಬಂದಾಗ ಕಳಚಿಟ್ಟ ಡಿಸ್ಕ್ ಮಾತ್ರ ಉಳಿಯುತ್ತದೆ. ಅದನ್ನು ಗಾಳಿಯಾಡದ ಡಬ್ಬಿಯಲ್ಲಿ, ಔಷಧ ಬಾಟಲಿಯಲ್ಲಿ ಬರುವ ತೇವ ಹೀರುವ ಹರಳಿನ ಪೊಟ್ಟಣದ ಜೊತೆ ಇಟ್ಟರೆ ಬೂಸಲು ಹಿಡಿಯುವುದಿಲ್ಲ. ಗುಡುಗು ಕೇಳಿದ ಕೂಡಲೇ ಪವರ್ ಪ್ಲಗ್ ತೆಗೆಯುವವರು ಇಂಟರ್ನೆಟ್ ಕೇಬಲ್ ಮರೆಯುತ್ತಾರೆ, ಸಿಡಿಲಿಗೆ ಅದೂ ದಾರಿಯೇ.

ಸಮುದ್ರದ ಬದಿಯವರಿಗೆ ಇನ್ನೊಂದು ಮಾತು. ಮಳೆಗಾಲ ಮುಗಿದ ಮೇಲೆ ಕಂಪ್ಯೂಟರ್ ಶುರುವಾಗದೆ ಬರೀ ಬೀಪ್ ಅಂದರೆ ಲಿನಕ್ಸ್ ಕೆಟ್ಟಿತು ಅಂತ ಮತ್ತೆ ಹಾಕಿಸಲು ಓಡಬೇಡಿ. ಉಪ್ಪುಗಾಳಿಗೆ ರ್‍ಯಾಮ್‌ನ ಚಿನ್ನದ ಬಣ್ಣದ ಅಂಚು ಕಿಲುಬು ಹಿಡಿದಿರುತ್ತದೆ. ಪ್ಲಗ್ ಕಿತ್ತು, ರ್‍ಯಾಮ್ ತೆಗೆದು, ಆ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಕೂರಿಸಿ. ಅನೇಕ ಸಲ ಅಷ್ಟಕ್ಕೇ ಎದ್ದು ಕೂರುತ್ತದೆ.

ನೆಟ್‌ವರ್ಕ್ ಕಡಿಮೆ ಇದ್ದಲ್ಲಿ

ಘಟ್ಟದ ಬುಡದ ಹಳ್ಳಿಗಳಲ್ಲಿ ಫೋನಿನ ಹಾಟ್‌ಸ್ಪಾಟೇ ಗತಿ, ದಿನಕ್ಕೆ ಒಂದೂವರೆ ಜಿಬಿ. ಅಂಥವರು ‘ಅಪ್‌ಡೇಟ್ ಮ್ಯಾನೇಜರ್’ನಲ್ಲಿ ಪರಿಶೀಲನೆಯನ್ನು ವಾರಕ್ಕೊಮ್ಮೆ ಅಂತ ಇಟ್ಟುಕೊಳ್ಳಿ, ಪೇಟೆಗೆ ಹೋದಾಗಲೋ ರಾತ್ರಿಯೋ ಮಾಡಿ. ಆದರೆ ತಿಂಗಳುಗಟ್ಟಲೆ ಬಿಡಬೇಡಿ, ಬಿಟ್ಟರೆ ವಿಂಡೋಸ್ 10 ಬಿಟ್ಟದ್ದಕ್ಕೆ ಅರ್ಥವೇ ಇಲ್ಲ. ‘ಸಾಫ್ಟ್‌ವೇರ್ ಸೋರ್ಸಸ್’ನಲ್ಲಿ ಹತ್ತಿರದ ಮಿರರ್ ಆರಿಸಿದರೆ ವೇಗ ಹೆಚ್ಚು. ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ಒಂದೇ ತಂತ್ರಾಂಶ ‘ಸಿಸ್ಟಂ ಪ್ಯಾಕೇಜ್’ ಮತ್ತು ‘ಫ್ಲ್ಯಾಟ್‌ಪ್ಯಾಕ್’ ಅಂತ ಎರಡು ಬಗೆಯಲ್ಲಿ ಸಿಕ್ಕರೆ ಮೊದಲನೆಯದನ್ನೇ ತಗೊಳ್ಳಿ. ಎರಡನೆಯದು ಕೆಲವು ಸಲ ನೂರಾರು ಎಂಬಿ ಹೆಚ್ಚು ನುಂಗುತ್ತದೆ. ಫೋನಿನ ಫೋಟೋ ಕಂಪ್ಯೂಟರಿಗೆ ತರಲು ವಾಟ್ಸಾಪಿನಲ್ಲಿ ನಮಗೆ ನಾವೇ ಕಳಿಸಿಕೊಳ್ಳುವುದು ಬೇಡ, ಕೆಡಿಇ ಕನೆಕ್ಟ್ ಹಾಕಿಕೊಂಡರೆ ಮನೆಯ ವೈಫೈಯಲ್ಲೇ ಡೇಟಾ ಖರ್ಚಿಲ್ಲದೆ ಬರುತ್ತದೆ.

ಸುರಕ್ಷತೆಯ ಬಗ್ಗೆ ಒಂದೇ ನಿಯಮ ಹೇಳುತ್ತೇನೆ. ನೀವು ಏನನ್ನೂ ಹಾಕದೇ ಇರುವಾಗ ಪಾಸ್‌ವರ್ಡ್ ಕೇಳಿದರೆ ಕೊಡಬೇಡಿ. ಯೂಟ್ಯೂಬ್‌ನವರು, ಈಗೀಗ ಎಐ ಚಾಟ್‌ಬಾಟುಗಳು ಹೇಳಿದ ಕಮಾಂಡನ್ನು ಅರ್ಥವಾಗದೆ ಅಂಟಿಸಲೂಬೇಡಿ. ವೈರಸ್ ಮಾಡಲಾಗದ ಹಾನಿಯನ್ನು ಒಂದು ಸಾಲಿನ ಕಮಾಂಡ್ ಮಾಡಬಲ್ಲದು.

ಊರಲ್ಲಿ ಅಪ್ಪ–ಅಮ್ಮ, ಮಕ್ಕಳು ಬೆಂಗಳೂರಲ್ಲೋ ದುಬೈಯಲ್ಲೋ ಇರುವ ಮನೆಗಳಿಗೆ ರಸ್ಟ್‌ಡೆಸ್ಕ್ ಎಂಬ ಮುಕ್ತ ತಂತ್ರಾಂಶ ಹಾಕಿಡುವುದು ಉಪಕಾರ. ಅಮ್ಮ ಪರದೆಯ ಮೇಲಿನ ಸಂಖ್ಯೆ ಫೋನಿನಲ್ಲಿ ಹೇಳಿದರೆ ಮಗ ಅಲ್ಲಿಂದಲೇ ಸರಿಮಾಡುತ್ತಾನೆ. ಆ ಸಂಖ್ಯೆಯನ್ನು ಮನೆಯವರಿಗೆ ಬಿಟ್ಟು, ‘ಬ್ಯಾಂಕಿನಿಂದ ಮಾತಾಡ್ತಾ ಇದ್ದೇವೆ’ ಅನ್ನುವವರಿಗೆ ಯಾವತ್ತೂ ಹೇಳಬಾರದು ಅಂತ ಕಂಪ್ಯೂಟರಿನ ಮೇಲೆ ಚೀಟಿ ಅಂಟಿಸಿ.

ಕಾಸರಗೋಡಿನ ಮಕ್ಕಳು, ನಮ್ಮ ಸಂಘಗಳು

‘ಇದೆಲ್ಲ ಎಂಜಿನಿಯರ್‌ಗಳಿಗೆ, ನಮಗಲ್ಲ’ ಅನ್ನುವವರು ಕಾಸರಗೋಡಿನ ಕಡೆ ನೋಡಬೇಕು. ಕೇರಳ ಸರ್ಕಾರ ತನ್ನ ಐಟಿ@ಸ್ಕೂಲ್ ಯೋಜನೆಯ ಮೂಲಕ, 2017ರಿಂದ ಕೈಟ್ ಎಂಬ ಸಂಸ್ಥೆಯ ಮೂಲಕ, ಶಾಲೆಗಳ ಕಂಪ್ಯೂಟರ್ ಪಾಠವನ್ನು ಮುಕ್ತ ತಂತ್ರಾಂಶದಲ್ಲೇ ನಡೆಸುತ್ತಿದೆ. ಅದಕ್ಕಾಗಿ ಉಬುಂಟು ಆಧರಿಸಿ ತನ್ನದೇ ಲಿನಕ್ಸ್ ರೂಪಿಸಿಕೊಂಡಿದೆ. ಮಂಜೇಶ್ವರ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ, ಪಠ್ಯಪುಸ್ತಕವೂ ಕನ್ನಡದಲ್ಲಿ. ಕರ್ನಾಟಕದಲ್ಲೂ ಒಂದು ಕಾಲಕ್ಕೆ ಪ್ರೌಢಶಾಲಾ ಶಿಕ್ಷಕರಿಗೆ ಉಬುಂಟು ತರಬೇತಿ ನಡೆದಿತ್ತು. ಕೇರಳದ ಹಾಗೆ ಅದು ಇಲ್ಲಿನ ಶಾಲೆಗಳ ರೂಢಿಯಾಗಲಿಲ್ಲ. ಗಡಿಯ ಆಚೆಯ ಕನ್ನಡದ ಮಗುವಿಗೆ ಸಾಧ್ಯವಾದದ್ದು ಹೊನ್ನಾವರದ ಮಗುವಿಗೆ ಯಾಕೆ ಆಗಬಾರದು?

ಮನೆಯ ಕಂಪ್ಯೂಟರ್ ನಿಮ್ಮ ಇಷ್ಟ. ಆದರೆ ಸಹಕಾರಿ ಸಂಘದ್ದು, ಪಂಚಾಯತಿಯದ್ದು, ಶಾಲೆಯದ್ದು ಹತ್ತು ಜನರ ದುಡ್ಡು. ಅಲ್ಲಿ ಲೆಕ್ಕದ ತಂತ್ರಾಂಶ ಕೊಡುವವರು ಒಂದೇ ಕಂಪನಿಯ ಆಪರೇಟಿಂಗ್ ಸಿಸ್ಟಂಗೂ ಒಂದೇ ಕಂಪನಿಯ ಫಾಂಟಿಗೂ ಕಟ್ಟಿಹಾಕಿ ಹೋಗುತ್ತಾರೆ. ಐದು ವರ್ಷದ ಮೇಲೆ ಅವರು ಫೋನ್ ಎತ್ತುವುದಿಲ್ಲ, ಸದಸ್ಯರ ಹೆಸರುಗಳು ಕೊಂಬಿನ ಅಕ್ಷರಗಳಾಗಿ ಉಳಿಯುತ್ತವೆ. ಸಂಘಗಳ ವಾರ್ಷಿಕ ಸಭೆ ಸೆಪ್ಟೆಂಬರ್‌ನಲ್ಲಿ ನಡೆಯುತ್ತದೆ. ಊಟಕ್ಕೆ ಏಳುವ ಮೊದಲು ಸದಸ್ಯರು ಮೂರು ಪ್ರಶ್ನೆ ಕೇಳಬಹುದು. ನಮ್ಮ ದಾಖಲೆ ಯೂನಿಕೋಡ್‌ನಲ್ಲಿ ಇದೆಯಾ? ತಂತ್ರಾಂಶ ಬಿಟ್ಟರೆ ಪೂರ್ತಿ ದತ್ತಾಂಶ ನಮ್ಮ ಕೈಗೆ ಸಾಮಾನ್ಯ ಪಟ್ಟಿಯ ರೂಪದಲ್ಲಿ ಸಿಗುತ್ತದಾ? ಮುಂದಿನ ಸಲ ಕಂಪ್ಯೂಟರು, ಪ್ರಿಂಟರು ಕೊಳ್ಳುವಾಗ ‘ಲಿನಕ್ಸ್‌ನಲ್ಲೂ ನಡೆಯಬೇಕು’ ಅಂತ ಕೊಟೇಶನ್‌ನಲ್ಲಿ ಒಂದು ಸಾಲು ಸೇರಿಸುತ್ತೀರಾ? ಉತ್ತರ ಏನು ಬಂದರೂ ಠರಾವು ಪುಸ್ತಕದಲ್ಲಿ ಬರೆಸಿ.